ಮರುವಾಯಿ, ಪಚ್ಚಿಲೆ, ಸಿಂಪಿಯ ಮೈಗೆ ನೀರಿನ ಲೋಹ ಸೇರುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಮರುವಾಯಿ ಸುಕ್ಕ ಇಷ್ಟಪಡುವವರ ಕಿವಿಗೆ ಆಗಾಗ ಒಂದು ಮಾತು ಬೀಳುತ್ತದೆ: "ಚಿಪ್ಪಿನೊಳಗಿನ ಮಾಂಸದಲ್ಲಿ ಲೋಹ ಇರುತ್ತದಂತೆ." ಅದು ಹೇಗೆ ಬಂತು ಅಂತ ಕೇಳಿದರೆ ಹೇಳಿದವರಿಗೂ ಗೊತ್ತಿರುವುದಿಲ್ಲ. ನಮ್ಮ ಹೊಳೆ ನೀರು ತಿಳಿಯಾಗಿದೆ, ರಾತ್ರಿಯಿಡೀ ನೆನೆಸಿಟ್ಟಿದ್ದೇವೆ, ಚೆನ್ನಾಗಿ ಬೇಯಿಸಿದ್ದೇವೆ, ಮತ್ತೇನು ಭಯ ಅನ್ನುವುದು ಸಾಮಾನ್ಯ ಸಮಾಧಾನ. ಲೋಹದ ವಿಷಯದಲ್ಲಿ ಈ ಮೂರೂ ಲೆಕ್ಕಕ್ಕೆ ಬರುವುದಿಲ್ಲ. ಯಾಕೆ ಅಂತ ಕೆಳಗಿದೆ.

ಯಾವ ಯಾವ ಪ್ರಾಣಿಗಳ ಬಗ್ಗೆ ಈ ಮಾತು?

ಎರಡು ಚಿಪ್ಪುಗಳ ನಡುವೆ ಬದುಕುವ, ನೀರನ್ನು ಸೋಸಿ ಹೊಟ್ಟೆ ತುಂಬಿಸಿಕೊಳ್ಳುವ ಪ್ರಾಣಿಗಳ ಬಗ್ಗೆ. ಮಂಗಳೂರು, ಉಡುಪಿ ಕಡೆಯ ಮರುವಾಯಿ, ಉತ್ತರ ಕನ್ನಡದ ಬಳಚು, ಬಂಡೆಗೆ ಕಚ್ಚಿಕೊಂಡು ಬೆಳೆಯುವ ಹಸಿರಂಚಿನ ಪಚ್ಚಿಲೆ, ದೊಡ್ಡ ಹೋಟೆಲಿನವರು ಆಯ್ಸ್ಟರ್ ಅನ್ನುವ ಸಿಂಪಿ, ಇವೆಲ್ಲ ಇದೇ ಗುಂಪು. ಸಿಗಡಿ, ಏಡಿಗಳಿಗೂ ಗಟ್ಟಿ ಕವಚ ಇದೆ ನಿಜ. ಆದರೆ ಅವು ಹೀಗೆ ನೀರು ಸೋಸುವುದಿಲ್ಲ, ಹಾಗಾಗಿ ಇಲ್ಲಿ ಬೇಡ.

ಇವು ನೀರು ಸೋಸುವುದು ಹೇಗೆ?

ಜೀವಂತ ಪಚ್ಚಿಲೆಯೊಂದನ್ನು ಸಮುದ್ರದ ನೀರಿರುವ ಗಾಜಿನ ಪಾತ್ರೆಗೆ ಹಾಕಿ, ಅಲುಗಾಡಿಸದೆ ಬಿಟ್ಟು ನೋಡಿ. ಸ್ವಲ್ಪ ಹೊತ್ತಿಗೆ ಚಿಪ್ಪು ಸಣ್ಣಗೆ ಬಿರಿಯುತ್ತದೆ. ಅಂಚಿನಲ್ಲಿ ಒಂದು ಸೀಳು, ಪಕ್ಕದಲ್ಲಿ ಇನ್ನೊಂದು ಚಿಕ್ಕ ತೂತು ಕಾಣುತ್ತದೆ. ಒಂದರಿಂದ ನೀರು ಒಳಗೆ, ಇನ್ನೊಂದರಿಂದ ಹೊರಗೆ. ಪಾತ್ರೆಯ ಮೇಲೆ ನೆರಳು ಬಿದ್ದರೆ, ಯಾರಾದರೂ ಮೇಜು ತಟ್ಟಿದರೆ, ತಟಕ್ಕನೆ ಮುಚ್ಚಿಕೊಳ್ಳುತ್ತದೆ.

ಒಳಗೆ ಎರಡೂ ಬದಿಗೆ ತೆಳ್ಳನೆಯ ಪದರಗಳಾಗಿ ಹಬ್ಬಿರುವುದು ಕಿವಿರು. ಅದರ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ರೋಮಗಳಿವೆ. ಅವು ಒಂದೇ ಸಮನೆ ಬಡಿಯುತ್ತ ನೀರನ್ನು ಎಳೆಯುತ್ತವೆ. ಪಾಚಿಯ ಕಣ, ಕೆಸರಿನ ಪುಡಿ ಲೋಳೆಗೆ ಅಂಟಿ ಬಾಯಿಯ ಕಡೆ ಹೋಗುತ್ತದೆ. ಬೇಡದ್ದನ್ನು ಉಂಡೆ ಕಟ್ಟಿ, ನುಂಗದೆ ಹಾಗೇ ಉಗಿಯುತ್ತದೆ. ಇಷ್ಟು ಸಣ್ಣ ಪ್ರಾಣಿ ಗಂಟೆಗೆ ಒಂದೆರಡು ಲೀಟರು ನೀರು ಎಳೆಯಬಲ್ಲದು. ಅಮೆರಿಕದ ಪೂರ್ವ ಕರಾವಳಿಯ ದೊಡ್ಡ ಸಿಂಪಿ ಎಲ್ಲ ಅನುಕೂಲ ಇದ್ದಾಗ ದಿನಕ್ಕೆ ಹತ್ತಿರ ಹತ್ತಿರ 190 ಲೀಟರ್ ಸೋಸುತ್ತದೆ ಅನ್ನುತ್ತಾರೆ. ಅದು ಗರಿಷ್ಠ ಲೆಕ್ಕ, ದಿನಾ ಅಷ್ಟು ಸೋಸುತ್ತದೆ ಅಂತಲ್ಲ.

ಹಾಗಾದರೆ ಸೋಸುವಾಗ ಲೋಹವೂ ಸಿಕ್ಕಿಹಾಕಿಕೊಳ್ಳುತ್ತದೆ, ಅಲ್ವಾ?

ಅಲ್ಲ. ಹೆಚ್ಚಿನವರು ತಪ್ಪುವುದು ಇಲ್ಲೇ. ಕಾಫಿ ಸೋಸಿದಾಗ ಸೋಸಣಿಗೆಯಲ್ಲಿ ಚರಟ ನಿಲ್ಲುತ್ತದೆ, ಕರಗಿದ ಸಕ್ಕರೆ ಕೆಳಗಿಳಿದು ಹೋಗುತ್ತದೆ. ನೀರಿನಲ್ಲಿ ಕರಗಿದ ತಾಮ್ರ, ಸತು, ಕ್ಯಾಡ್ಮಿಯಂ ಕೂಡ ಹಾಗೇ. ಪ್ರಯೋಗಾಲಯದವರು "ಕರಗಿದ ಲೋಹ" ಅನ್ನುವುದು 0.45 ಮೈಕ್ರೋಮೀಟರ್ ತೂತಿನ ಸೋಸುಹಾಳೆಯನ್ನು ದಾಟಿ ಬಂದದ್ದಕ್ಕೆ. ಪಚ್ಚಿಲೆಯ ಕಿವಿರು ಚೆನ್ನಾಗಿ ಹಿಡಿಯುವುದು ಸುಮಾರು 4 ಮೈಕ್ರೋಮೀಟರಿಗಿಂತ ದಪ್ಪ ಕಣಗಳನ್ನು. ಲೋಹದ ಬಿಡಿ ಅಯಾನು, ಅಂದರೆ ವಿದ್ಯುದಂಶ ಹೊತ್ತ ಒಂಟಿ ಪರಮಾಣು, ಅದರ ಸಾವಿರದಲ್ಲೊಂದು ಭಾಗವೂ ಇಲ್ಲ.

ಆದರೂ ಲೋಹ ಒಳಗೆ ಹೋಗುತ್ತದೆ. ಯಾಕಂದರೆ ಕಿವಿರು ಬರೀ ಸೋಸುವ ಅಂಗವಲ್ಲ, ಉಸಿರಾಡುವ ಅಂಗವೂ ಹೌದು. ಆಮ್ಲಜನಕ ದಾಟಲಿ ಅಂತ ಅದರ ಪೊರೆ ತೀರ ತೆಳ್ಳಗಿದೆ, ಹರಹು ದೊಡ್ಡದಿದೆ. ಅದರ ಮೇಲೆ ಹೊಸ ನೀರು ಬೀಳುತ್ತಲೇ ಇರುತ್ತದೆ. ಸೋಸುವ ಕೆಲಸದಿಂದ ಆಗುವುದು ಇಷ್ಟೇ: ಈ ಪೊರೆಗೆ ಸೋಕುವ ನೀರು ವಿಪರೀತ ಜಾಸ್ತಿಯಾಗುತ್ತದೆ. ಲೋಹ ದಾಟುವುದು ಜರಡಿಯಲ್ಲಲ್ಲ, ಪೊರೆಯಲ್ಲಿ.

ಪೊರೆ ದಾಟುವುದು ಹೇಗೆ? ಪ್ರಾಣಿ ಬೇಡ ಅನ್ನಬಾರದಾ?

ಪ್ರಾಣಿಗೆ ತಾಮ್ರ ಬೇಕು, ಸತು ಬೇಕು, ಚಿಪ್ಪು ಕಟ್ಟಲು ಕ್ಯಾಲ್ಸಿಯಂ ರಾಶಿರಾಶಿ ಬೇಕು. ಇವು ಎಣ್ಣೆಯಂಥ ಪೊರೆಯಲ್ಲಿ ತಾವಾಗಿ ದಾಟಲಾರವು. ಅದಕ್ಕೇ ಪೊರೆಯಲ್ಲಿ ಒಂದೊಂದಕ್ಕೂ ಪ್ರೋಟೀನಿನ ದಾರಿಗಳಿವೆ. ಈ ದಾರಿಗಳು ಲೋಹವನ್ನು ಗುರುತಿಸುವುದು ಗಾತ್ರ ಮತ್ತು ವಿದ್ಯುದಂಶ ನೋಡಿ. ಕ್ಯಾಲ್ಸಿಯಂ ಅಯಾನಿನ ತ್ರಿಜ್ಯ ಸುಮಾರು 100 ಪಿಕೋಮೀಟರ್, ಕ್ಯಾಡ್ಮಿಯಮ್ಮಿನದು ಸುಮಾರು 95. ಎರಡಕ್ಕೂ ವಿದ್ಯುದಂಶ ಒಂದೇ, ಪ್ಲಸ್ ಎರಡು. ಹಾಗಾಗಿ ಕ್ಯಾಲ್ಸಿಯಮ್ಮಿನ ದಾರಿಯಲ್ಲಿ ಕ್ಯಾಡ್ಮಿಯಂ ನುಸುಳುತ್ತದೆ. ಸತುವಿನ ದಾರಿಯಲ್ಲೂ ಹೋಗುತ್ತದೆ. ಪ್ರಾಣಿ ಹೊಲಸು ತಿಂದು ತಪ್ಪು ಮಾಡಿದ್ದಲ್ಲ. ಬೇಕಾದ ಖನಿಜಕ್ಕೆ ತೆರೆದಿಟ್ಟ ಹಾದಿಯಲ್ಲಿ ಬೇಡದ್ದೂ ಬಂತು.

ಇನ್ನೊಂದು ಸ್ವಾರಸ್ಯ ಇದೆ. ಮಾಂಸದಲ್ಲಿ ಲೋಹ ನೀರಿಗಿಂತ ಸಾವಿರಾರು ಪಟ್ಟು ಜಾಸ್ತಿ ಇರುತ್ತದೆ. ಇಷ್ಟಾದ ಮೇಲೂ ಇನ್ನೂ ಒಳಗೆ ಹೋಗುತ್ತಲೇ ಇರುವುದು ಹೇಗೆ? ಹಿಂದಕ್ಕೆ ಸೋರಬೇಕಲ್ಲವೇ? ಸೋರುವುದಿಲ್ಲ. ಒಳಗೆ ಕಾಲಿಟ್ಟ ಲೋಹವನ್ನು ಅಲ್ಲಿನ ಪ್ರೋಟೀನುಗಳು ಆ ಕೂಡಲೇ ಕಚ್ಚಿ ಹಿಡಿಯುತ್ತವೆ. ಒಟ್ಟು ಲೋಹ ಎಷ್ಟೇ ಇರಲಿ, ಜೀವಕೋಶದಲ್ಲಿ ಬಿಡಿಯಾಗಿ ತಿರುಗುವ ಲೋಹ ಬಹಳ ಕಡಿಮೆ. ಹೊರಗೆ ಬಿಡಿ ಅಯಾನು ಸ್ವಲ್ಪ ಜಾಸ್ತಿ, ಒಳಗೆ ಇನ್ನೂ ಕಡಿಮೆ, ಅಂದ ಮೇಲೆ ಹರಿವು ಒಳಮುಖವೇ. ಪ್ರಾಣಿ ಇದಕ್ಕಾಗಿ ಹೆಚ್ಚು ಶಕ್ತಿ ಖರ್ಚು ಮಾಡಬೇಕಾಗಿಲ್ಲ.

ನೀರಿನಲ್ಲಿ ಎಷ್ಟು ಲೋಹ ಇದೆ ಅಂತ ಅಳೆದರೆ ಗೊತ್ತಾಗುವುದಿಲ್ವಾ?

ಅರ್ಧ ಗೊತ್ತಾಗುತ್ತದೆ. ಒಟ್ಟು ಲೋಹಕ್ಕಿಂತ ಅದು ಯಾವ ರೂಪದಲ್ಲಿದೆ ಅನ್ನುವುದು ಮುಖ್ಯ. ಪೊರೆಯ ದಾರಿಯಲ್ಲಿ ಸಲೀಸಾಗಿ ಹೋಗುವುದು ಬಿಡಿ ಅಯಾನು. ಕೊಳೆತ ಎಲೆ, ಪಾಚಿಯಿಂದ ನೀರಿಗೆ ಸೇರುವ ಸಾವಯವ ಪದಾರ್ಥ ತಾಮ್ರವನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಸಮುದ್ರದ ನೀರಿನಲ್ಲಿ ಕರಗಿದ ತಾಮ್ರದ ಬಹುಪಾಲು ಹೀಗೆ ಕಟ್ಟಿಹಾಕಿಸಿಕೊಂಡೇ ಇರುತ್ತದೆ.

ಕ್ಯಾಡ್ಮಿಯಮ್ಮಿನ ಕತೆ ಬೇರೆ. ಅದಕ್ಕೆ ಕ್ಲೋರೈಡ್ ಅಂದರೆ ಪ್ರೀತಿ. ಉಪ್ಪು ಜಾಸ್ತಿ ಇರುವ ನೀರಿನಲ್ಲಿ ಹೆಚ್ಚಿನ ಕ್ಯಾಡ್ಮಿಯಂ ಕ್ಲೋರೈಡಿಗೆ ಅಂಟಿಕೊಂಡಿರುತ್ತದೆ, ಬಿಡಿ ಅಯಾನು ಕಡಿಮೆ. ಉಪ್ಪು ಇಳಿದರೆ ಅದು ಬಿಡಿಸಿಕೊಳ್ಳುತ್ತದೆ. ಜೊತೆಗೆ ಪೈಪೋಟಿಗೆ ಇರುವ ಕ್ಯಾಲ್ಸಿಯಮ್ಮೂ ಕಡಿಮೆಯಾಗುತ್ತದೆ. ಅಂದರೆ ಅಷ್ಟೇ ಕ್ಯಾಡ್ಮಿಯಂ ಇರುವ ಎರಡು ನೀರಿನಲ್ಲಿ, ಸಪ್ಪೆ ನೀರಿನಲ್ಲಿರುವ ಚಿಪ್ಪು ಜಾಸ್ತಿ ಹೀರುತ್ತದೆ. ನದಿ ಸಮುದ್ರ ಸೇರುವ ಅಳಿವೆಗಳಲ್ಲಿ ಇದನ್ನು ಮರೆಯುವ ಹಾಗಿಲ್ಲ. ಅಘನಾಶಿನಿಯಂಥ ಅಳಿವೆಯಲ್ಲಿ ಬೇಸಿಗೆಯ ಉಪ್ಪಿಗೂ ಆಷಾಢದ ಉಪ್ಪಿಗೂ ಅಜಗಜಾಂತರ. ಹಾಗಂತ ಮಳೆಗಾಲದಲ್ಲಿ ಲೋಹ ಏರಿಯೇ ಏರುತ್ತದೆ ಅಂತ ಹೇಳಿಬಿಡುವಂತಿಲ್ಲ. ನೆರೆ ನೀರು ಲೋಹವನ್ನು ತೆಳುವೂ ಮಾಡುತ್ತದೆ. ಉಪ್ಪು ತೀರ ಇಳಿದರೆ ಪ್ರಾಣಿ ಚಿಪ್ಪು ಮುಚ್ಚಿಕೊಂಡು ಕೂರುತ್ತದೆ.

ಎಲ್ಲ ಲೋಹವೂ ನೀರಿನಿಂದಲೇ ಬರುತ್ತದಾ?

ಇಲ್ಲ, ಊಟದಿಂದಲೂ ಬರುತ್ತದೆ. ಪಾಚಿ ತಾನೂ ನೀರಿನಿಂದ ಲೋಹ ಹೀರಿರುತ್ತದೆ. ಅದನ್ನು ತಿಂದಾಗ ಒಂದು ಪಾಲು ಹೊಟ್ಟೆಯಿಂದ ಮೈಗೆ ಸೇರುತ್ತದೆ, ಉಳಿದದ್ದು ಹಿಕ್ಕೆಯಲ್ಲಿ ಹೋಗುತ್ತದೆ. ಯಾವ ಪಾಲು ದೊಡ್ಡದು ಅನ್ನುವುದು ಧಾತುವಿನ ಮೇಲೆ, ಜಾಗದ ಮೇಲೆ ನಿಂತಿದೆ. ಸೆಲೆನಿಯಂ ಬಹುತೇಕ ಪೂರಾ ಊಟದಿಂದಲೇ. ಕ್ಯಾಡ್ಮಿಯಂ, ಬೆಳ್ಳಿ, ಸತು ಎರಡೂ ಕಡೆಯಿಂದ. ಕೆಸರು ಕದಡಿದ ನೀರಿನಲ್ಲಿ ಲೋಹ ಅಂಟಿದ ಮಣ್ಣಿನ ಕಣವೂ ಹೊಟ್ಟೆಗೆ ಹೋಗುತ್ತದೆ.

ಇಷ್ಟೆಲ್ಲ ಲೋಹ ಇಟ್ಟುಕೊಂಡು ಪ್ರಾಣಿ ಸಾಯುವುದಿಲ್ವಾ?

ಅದಕ್ಕೆ ಎರಡು ಉಪಾಯ ಇವೆ. ಮೊದಲನೆಯದು ಮೆಟಲೋಥಯೋನೀನ್ ಅನ್ನುವ ಪುಟ್ಟ ಪ್ರೋಟೀನು. 1957ರಲ್ಲಿ ಇದು ಮೊದಲು ಸಿಕ್ಕಿದ್ದು ಕುದುರೆಯ ಮೂತ್ರಪಿಂಡದಲ್ಲಿ. ಆಮೇಲೆ ನೋಡಿದರೆ ಚಿಪ್ಪಿನ ಪ್ರಾಣಿಗಳಲ್ಲೂ ಇದೆ, ನಮ್ಮ ಮೈಯಲ್ಲೂ ಇದೆ. ಅದರ ಮೂರನೇ ಒಂದು ಭಾಗದಷ್ಟು ಗಂಧಕ ಇರುವ ಸಿಸ್ಟೀನ್ ಅನ್ನುವ ಅಮೈನೋ ಆಮ್ಲ. ಗಂಧಕಕ್ಕೂ ಕ್ಯಾಡ್ಮಿಯಂ, ತಾಮ್ರ, ಪಾದರಸಕ್ಕೂ ಬಿಡದ ನಂಟು. ಒಳಗೆ ಲೋಹ ಜಾಸ್ತಿಯಾದಷ್ಟೂ ಪ್ರಾಣಿ ಈ ಪ್ರೋಟೀನನ್ನು ಜಾಸ್ತಿ ತಯಾರಿಸುತ್ತದೆ.

ಎರಡನೆಯದು, ಲೋಹವನ್ನು ಗಟ್ಟಿ ಹರಳು ಮಾಡಿ ಮೂಲೆಗೆ ಸೇರಿಸುವುದು. ನೀಲಿ, ಹಸಿರು ಪಚ್ಚಿಲೆಯ ಜಾತಿಗಳು ಸತುವನ್ನು ಮೂತ್ರಪಿಂಡದಲ್ಲಿ ಹರಳುಗಟ್ಟಿಸಿ ನಿಧಾನಕ್ಕೆ ಹೊರಹಾಕುತ್ತವೆ. ಅದಕ್ಕೇ ಅವುಗಳ ಮೈಯಲ್ಲಿ ಸತು ಒಂದು ಹದದಲ್ಲಿರುತ್ತದೆ. ಸಿಂಪಿ ಹಾಗಲ್ಲ. ಅದು ಸತು, ತಾಮ್ರವನ್ನು ರಕ್ತಕಣಗಳಲ್ಲಿ ತುಂಬಿಟ್ಟುಕೊಳ್ಳುತ್ತದೆ, ಹೊರಗೆ ಹಾಕುವುದಕ್ಕೆ ಆತುರವಿಲ್ಲ. ಒಂದೇ ಬಂಡೆಯ ಮೇಲೆ ಅಕ್ಕಪಕ್ಕ ಬೆಳೆದ ಸಿಂಪಿಯಲ್ಲಿ ಪಚ್ಚಿಲೆಗಿಂತ ಸತು ಹತ್ತಾರು ಪಟ್ಟು ಜಾಸ್ತಿ ಇರಬಹುದು. ನೀರು ಅದೇ, ಕಡಲು ಅದೇ. ಹಾಗಾಗಿ "ಚಿಪ್ಪಿನಲ್ಲಿ ಇಷ್ಟು ಲೋಹ" ಅಂತ ಯಾರಾದರೂ ಹೇಳಿದರೆ ಯಾವ ಚಿಪ್ಪು ಅಂತ ಮೊದಲು ಕೇಳಬೇಕು.

ಸಿಂಪಿ ಹಸಿರು ಬಣ್ಣಕ್ಕೆ ತಿರುಗಿತ್ತು ಅಂತ ಎಲ್ಲೋ ಓದಿದ್ದೆ. ನಿಜವಾ?

ನಿಜ. ತೈವಾನಿನ ನೈಋತ್ಯ ಕರಾವಳಿಯಲ್ಲಿ 1986ರಲ್ಲಿ ಸಾಕಿದ ಸಿಂಪಿಗಳು ಹಸಿರಾಗಿಬಿಟ್ಟವು. ಅಲ್ಲಿಗೆ ಹರಿದು ಬರುವ ಎರ್‌ರೆನ್ ನದಿಯ ದಂಡೆಯಲ್ಲಿ ಗುಜರಿ ತಂತಿ, ಹಳೆಯ ವಿದ್ಯುತ್ ಸಾಮಾನುಗಳನ್ನು ಸುಟ್ಟು, ಆಸಿಡ್ಡಿನಲ್ಲಿ ತೊಳೆದು ಲೋಹ ತೆಗೆಯುವ ಕಸುಬು ನಡೆಯುತ್ತಿತ್ತು. ತೊಳೆದ ನೀರು ಸೀದಾ ನದಿಗೆ. ಮುಂದಿನ ಮೂರು ವರ್ಷದಲ್ಲಿ ಆ ಸಿಂಪಿಗಳ ಒಣ ಮಾಂಸದ ಒಂದು ಕಿಲೋದಲ್ಲಿ 4,000 ಮಿಲಿಗ್ರಾಂ ದಾಟಿ ತಾಮ್ರ ಸಿಕ್ಕಿತು. ಸಾವಿರಕ್ಕೆ ನಾಲ್ಕು ಭಾಗ ತಾಮ್ರ! ಪ್ರಾಣಿ ಮಾತ್ರ ಬದುಕಿತ್ತು.

ಹಸಿರಾದದ್ದೆಲ್ಲ ತಾಮ್ರ ಅಲ್ಲ ಅಂತಲೂ ಹೇಳಬೇಕು. ಫ್ರಾನ್ಸಿನ ಮಾರೆನ್ ಊರಿನ ಹಸಿರು ಸಿಂಪಿಗೆ ಒಳ್ಳೇ ಬೆಲೆ ಇದೆ. ಆ ಬಣ್ಣ ಬರುವುದು ಕೊಳದಲ್ಲಿ ಬೆಳೆಯುವ ಒಂದು ಪಾಚಿಯ ನೀಲಿ ವರ್ಣದಿಂದ. ಇನ್ನು ಸತು, ಕ್ಯಾಡ್ಮಿಯಂ ಸೇರಿದರೆ ಬಣ್ಣವೇ ಬದಲಾಗುವುದಿಲ್ಲ. ಆಸ್ಟ್ರೇಲಿಯದ ಟಾಸ್ಮೇನಿಯಾದಲ್ಲಿ, ಹೋಬಾರ್ಟ್ ಪಕ್ಕದ ಡರ್ವೆಂಟ್ ಅಳಿವೆಯ ದಂಡೆಯಲ್ಲಿ ಸತು ಕಾರ್ಖಾನೆ ಇತ್ತು. 1970ರ ದಶಕದ ಆರಂಭದಲ್ಲಿ ಆ ಅಳಿವೆಯ ಸಿಂಪಿ ತಿಂದವರಿಗೆ ವಾಂತಿಯಾಯಿತು. ಹುಡುಕಿದರೆ ಕಾರಣ ಸತು. ಅಲ್ಲಿ ತಾವಾಗಿ ಬೆಳೆದ ಚಿಪ್ಪು ತಿನ್ನಬೇಡಿ ಅಂತ ಸರ್ಕಾರ ಆಮೇಲೆ ದಶಕಗಟ್ಟಲೆ ಹೇಳುತ್ತಲೇ ಬಂದಿದೆ.

ರಾತ್ರಿಯಿಡೀ ಒಳ್ಳೇ ನೀರಿನಲ್ಲಿ ನೆನೆಸಿಟ್ಟರೆ ಹೋಗುತ್ತಾ?

ಮರಳು ಹೋಗುತ್ತದೆ. ವಿದೇಶದ ಕಂಪನಿಗಳು ಚಿಪ್ಪುಗಳನ್ನು ಶುದ್ಧ ಸಮುದ್ರದ ನೀರಿನ ತೊಟ್ಟಿಯಲ್ಲಿ ಒಂದೆರಡು ದಿನ ಇಡುತ್ತವೆ, ಅದರಿಂದ ಬ್ಯಾಕ್ಟೀರಿಯಾ ಕೂಡ ಬಹಳಷ್ಟು ಕಡಿಮೆಯಾಗುತ್ತದೆ. ಲೋಹ ಹೋಗುವುದಿಲ್ಲ. ಅದು ಹೊಟ್ಟೆಯಲ್ಲಿ ಸುಮ್ನೆ ಕೂತಿಲ್ಲ, ಪ್ರೋಟೀನಿಗೆ ಅಂಟಿ, ಹರಳಾಗಿ, ಮಾಂಸದ ಭಾಗವೇ ಆಗಿದೆ. ಒಳ್ಳೇ ನೀರಿಗೆ ತಂದು ಬಿಟ್ಟರೂ ಕ್ಯಾಡ್ಮಿಯಂ ಅರ್ಧಕ್ಕೆ ಇಳಿಯುವುದಕ್ಕೆ ತಿಂಗಳುಗಳು ಬೇಕು. ಸಿಂಪಿಯಲ್ಲಿ ಇನ್ನೂ ತಡ.

ಬೇಯಿಸಿದರೆ?

ಲೋಹ ಧಾತು. ಬೆಂಕಿಗೆ ನಾಶವಾಗುವ ವಸ್ತುವಲ್ಲ. ಬೇಯಿಸಿದ ನೀರು ಚೆಲ್ಲಿದರೆ ಒಂದು ಸಣ್ಣ ಪಾಲು ಅದರ ಜೊತೆ ಹೋಗಬಹುದು. ಆದರೆ ರುಚಿ ಇರುವುದೇ ಆ ನೀರಿನಲ್ಲಿ, ನಮ್ಮ ಕಡೆ ಅದನ್ನು ಚೆಲ್ಲುವವರು ಯಾರು?

ಹಾಗಾದರೆ ತಿನ್ನಬಾರದಾ?

ತಿನ್ನಬಹುದು. ಎಲ್ಲಿಯದು ಅನ್ನುವುದನ್ನು ನೋಡಿ ತಿನ್ನಬೇಕು, ಅಷ್ಟೇ. ಒಂದು ಲೆಕ್ಕ ಮಾಡೋಣ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ವಿಶ್ವಸಂಸ್ಥೆಯ ಆಹಾರ, ಕೃಷಿ ಸಂಸ್ಥೆಯ ಜಂಟಿ ತಜ್ಞರ ಸಮಿತಿ 2010ರಲ್ಲಿ ಕ್ಯಾಡ್ಮಿಯಮ್ಮಿಗೆ ಒಂದು ಮಿತಿ ಹಾಕಿತು: ತಿಂಗಳಿಗೆ, ಮೈತೂಕದ ಒಂದು ಕಿಲೋಗೆ 25 ಮೈಕ್ರೋಗ್ರಾಂ. 60 ಕಿಲೋ ತೂಕದವರಿಗೆ ತಿಂಗಳಿಗೆ ಒಂದೂವರೆ ಮಿಲಿಗ್ರಾಂ. ಐರೋಪ್ಯ ಒಕ್ಕೂಟ ಎರಡು ಚಿಪ್ಪಿನ ಪ್ರಾಣಿಗಳಿಗೆ ಇಟ್ಟಿರುವ ಮಿತಿ, ಹಸಿ ಮಾಂಸದ ಕಿಲೋಗೆ 1 ಮಿಲಿಗ್ರಾಂ. ಅಂದರೆ ಆ ಮಿತಿಯ ಅಂಚಿನಲ್ಲಿರುವ ಮಾಂಸವನ್ನು ತಿಂಗಳಿಗೆ ಒಂದೂವರೆ ಕಿಲೋ ತಿಂದರೆ ನಿಮ್ಮ ಪಾಲು ಮುಗಿಯಿತು. ಇದು ಚಿಪ್ಪು ಬಿಟ್ಟು ಬರೀ ಮಾಂಸದ ತೂಕ. ವಾರಕ್ಕೊಮ್ಮೆ ಸಾರು ಮಾಡುವ ಮನೆಯವರು ಅಷ್ಟು ಮುಟ್ಟುವುದು ಕಷ್ಟ. ಆದರೆ ಅಕ್ಕಿ, ಸೊಪ್ಪಿನಲ್ಲೂ ಸ್ವಲ್ಪ ಕ್ಯಾಡ್ಮಿಯಂ ಇರುತ್ತದೆ. ಬೀಡಿ, ಸಿಗರೇಟು ಸೇದುವವರ ಲೆಕ್ಕದಲ್ಲಿ ಹೊಗೆಯದ್ದೂ ಸೇರಬೇಕು. ನಮ್ಮ ಮೂತ್ರಪಿಂಡ ಸೇರಿದ ಕ್ಯಾಡ್ಮಿಯಂ ಅರ್ಧವಾಗಲು 10ರಿಂದ 30 ವರ್ಷ ಹಿಡಿಯುತ್ತದೆ, ಹಾಗಾಗಿ ಒಂದು ದಿನದ ಊಟಕ್ಕಿಂತ ವರ್ಷಗಳ ರೂಢಿಯೇ ದೊಡ್ಡದು.

ನನ್ನ ಅಭಿಪ್ರಾಯ ಕೇಳಿದರೆ, ನೀರಿನ ಬಣ್ಣ ನೋಡುವುದಕ್ಕಿಂತ ಮೇಲ್ದಂಡೆಯಲ್ಲಿ ಏನಿದೆ ಅಂತ ನೋಡಿ. ಗಿಲೀಟು ಮಾಡುವ ಘಟಕ, ಹಳೇ ಬ್ಯಾಟರಿ ಒಡೆಯುವ ಜಾಗ, ಅದಿರು ತುಂಬುವ ಧಕ್ಕೆ, ದೋಣಿ ಕೆರೆದು ಬಣ್ಣ ಬಳಿಯುವ ಅಂಗಳ, ಇವುಗಳ ಪಕ್ಕದ್ದು ಬೇಡ. ದೋಣಿಯ ಅಡಿಗೆ ಪಾಚಿ ಹಿಡಿಯದಿರಲಿ ಅಂತ ಬಳಿಯುವ ಬಣ್ಣದ ಮುಖ್ಯ ವಿಷವೇ ತಾಮ್ರ.

ಪಾದರಸದ ಭಯ ಇದೆಯಾ?

ಸಾಮಾನ್ಯವಾಗಿ ಕಡಿಮೆ. ಪಾದರಸದ ಹೆಚ್ಚು ವಿಷದ ರೂಪವಾದ ಮೀಥೈಲ್ ಪಾದರಸ ಒಂದನ್ನೊಂದು ತಿನ್ನುವ ಸಾಲಿನಲ್ಲಿ ಮೇಲೇರಿದಂತೆ ಹೆಚ್ಚುತ್ತದೆ. ಶಾರ್ಕ್, ದೊಡ್ಡ ಕೇದರ (ಟ್ಯೂನಾ) ಆ ಸಾಲಿನ ಮೇಲ್ತುದಿ, ಚಿಪ್ಪುಗಳು ಬುಡ. ಜಪಾನಿನ ಮಿನಮಾಟಾದಲ್ಲಿ ಹಾಗಾಗಲಿಲ್ಲ. ಅಲ್ಲಿನ ಅಸಿಟಾಲ್ಡಿಹೈಡ್ ಕಾರ್ಖಾನೆ ಮೀಥೈಲ್ ಪಾದರಸವನ್ನೇ ನೇರವಾಗಿ ಕೊಲ್ಲಿಗೆ ಬಿಟ್ಟಿತು. ಮೀನಿನ ಜೊತೆ ಚಿಪ್ಪುಗಳೂ ವಿಷವಾದವು. ಮೊದಲು ಬೆಕ್ಕುಗಳು ಸೆಟೆದು ಒದ್ದಾಡಿ ಸತ್ತವು. ಮನುಷ್ಯರ ಕಾಯಿಲೆ ಅಧಿಕೃತವಾಗಿ ದಾಖಲಾದದ್ದು 1956ರ ಮೇ 1ರಂದು. ಕಾರ್ಖಾನೆ ಆ ತಯಾರಿಕೆ ನಿಲ್ಲಿಸಿದ್ದು 1968ರಲ್ಲಿ.

ಆರ್ಸೆನಿಕ್?

ಸಮುದ್ರದ ಚಿಪ್ಪುಗಳಲ್ಲಿ ಇರುತ್ತದೆ. ಹೆಚ್ಚಿನದು ಆರ್ಸೆನೊಬೀಟೈನ್ ರೂಪದಲ್ಲಿ, ಅದು ನಮಗೆ ಅಷ್ಟಾಗಿ ಹಾನಿ ಮಾಡದೆ ಮೂತ್ರದಲ್ಲಿ ಹೋಗುತ್ತದೆ. ವರದಿಯಲ್ಲಿ "ಒಟ್ಟು ಆರ್ಸೆನಿಕ್" ಅಂತ ಮಾತ್ರ ಇದ್ದರೆ ಗಾಬರಿಯಾಗಬೇಡಿ.

ಮರುವಾಯಿ ತಿಂದು ತುಟಿ, ನಾಲಗೆ ಜೋಮು ಹಿಡಿದರೆ ಅದು ಲೋಹವಾ?

ಅಲ್ಲ. ಅದು ಪಾಚಿಯ ವಿಷ ಇರಬಹುದು, ತಕ್ಷಣ ಆಸ್ಪತ್ರೆಗೆ ಹೋಗಬೇಕು. 1983ರಲ್ಲಿ ಮಂಗಳೂರಿಗೆ ಹತ್ತಿರದ ಕುಂಬಳೆ ಹೊಳೆಯ ಮರುವಾಯಿ ತಿಂದ ಹಲವರು ಹೀಗೆ ಅಸ್ವಸ್ಥರಾದರು, ಒಬ್ಬ ಹುಡುಗ ತೀರಿಕೊಂಡ. ಕ್ಯಾಡ್ಮಿಯಂ, ಸೀಸ ವರ್ಷಗಟ್ಟಲೆ ಸೇರಿ ತೊಂದರೆ ಕೊಡುತ್ತವೆ. ಪಾಚಿಯ ವಿಷಕ್ಕೆ ಗಂಟೆ ಸಾಕು. ಅದೂ ಬೇಯಿಸಿದರೆ ಹೋಗುವುದಿಲ್ಲ.

ಇವುಗಳನ್ನೇ ಬಳಸಿ ನೀರು ಪರೀಕ್ಷೆ ಮಾಡ್ತಾರಂತೆ?

ಹೌದು, ಬಹಳ ಚೆನ್ನಾಗಿ. ಬಾಟಲಿಯಲ್ಲಿ ಹಿಡಿದ ನೀರು ಆ ಗಳಿಗೆಯದ್ದು ಮಾತ್ರ. ರಾತ್ರಿ ಯಾರೋ ಬಿಟ್ಟ ಕೊಳೆ ಬೆಳಗಾಗುವಷ್ಟರಲ್ಲಿ ಕೊಚ್ಚಿ ಹೋಗಿರುತ್ತದೆ. ಪಚ್ಚಿಲೆ ಮಾತ್ರ ಅಲ್ಲೇ ಕಚ್ಚಿಕೊಂಡು ಕೂತು, ತಿಂಗಳುಗಳ ನೀರಿನ ಲೆಕ್ಕವನ್ನು ಮೈಯಲ್ಲಿ ಇಟ್ಟುಕೊಂಡಿರುತ್ತದೆ. ಜೊತೆಗೆ ಅದು ತೋರಿಸುವುದು ಜೀವಿಯೊಳಗೆ ಹೋಗಬಲ್ಲ ಲೋಹವನ್ನು, ಬರೀ ಒಟ್ಟು ಲೋಹವನ್ನಲ್ಲ. 1975ರಲ್ಲಿ ಎಡ್ವರ್ಡ್ ಗೋಲ್ಡ್‌ಬರ್ಗ್ ಅನ್ನುವ ಸಾಗರ ವಿಜ್ಞಾನಿ ಜಗತ್ತಿನ ಕರಾವಳಿಗಳನ್ನು ಹೀಗೆ ಕಾಯೋಣ ಅಂದರು. ಅಮೆರಿಕ ಸರ್ಕಾರದ ಸಾಗರ, ಹವಾಮಾನ ಸಂಸ್ಥೆ ನೋವಾ 1986ರಿಂದ ಇದನ್ನು ದೇಶದ ಕರಾವಳಿಯುದ್ದಕ್ಕೂ ನಡೆಸುತ್ತ ಬಂದಿದೆ.

ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಪಾಲೊ ಆಲ್ಟೊದ ಉದಾಹರಣೆ ನನಗೆ ಬಹಳ ಇಷ್ಟ. ಅಲ್ಲಿ ಊರಿನ ಚರಂಡಿ ನೀರು ಶುದ್ಧೀಕರಿಸುವ ಘಟಕದ ಹತ್ತಿರದ ಕೆಸರಿನಲ್ಲಿ ಸಣ್ಣ ಬಿಳಿ ಚಿಪ್ಪುಗಳಿದ್ದವು. 1970ರ ದಶಕದಿಂದ ವಿಜ್ಞಾನಿಗಳು ಅವನ್ನೇ ಬಿಡದೆ ಅಳೆಯುತ್ತ ಬಂದರು. ಮೊದಮೊದಲು ತಾಮ್ರ, ಬೆಳ್ಳಿ ವಿಪರೀತ. ಫೋಟೋ ತೊಳೆಯುವ ಕೆಲಸದಿಂದ ಬೆಳ್ಳಿ ಚರಂಡಿ ಸೇರುತ್ತಿದ್ದ ಕಾಲ ಅದು. ಆ ಚಿಪ್ಪುಗಳು ಬದುಕಿದ್ದವು, ಆದರೆ ಸರಿಯಾಗಿ ಮೊಟ್ಟೆ ಕಟ್ಟುತ್ತಿರಲಿಲ್ಲ. 1980ರ ದಶಕದಲ್ಲಿ ಶುದ್ಧೀಕರಣ ಸುಧಾರಿಸಿತು, ಲೋಹ ಇಳಿಯಿತು, ಚಿಪ್ಪುಗಳ ಸಂತಾನವೂ ಚೇತರಿಸಿಕೊಂಡಿತು. ಹಾಳಾದದ್ದನ್ನು ಅಳೆದವರು ಬೇಕಾದಷ್ಟು ಜನ. ಸರಿಹೋದದ್ದನ್ನೂ ಅಳೆದು ತೋರಿಸಿದವರು ಕಮ್ಮಿ.

ಪೋಲೆಂಡಿನ ವಾರ್ಸಾದಲ್ಲಿ ಇನ್ನೊಂದು ಬಗೆ. ಕುಡಿಯುವ ನೀರಿನ ಘಟಕದಲ್ಲಿ 8 ಸಿಹಿನೀರಿನ ಚಿಪ್ಪುಗಳನ್ನು ಹರಿವ ನೀರಿನಲ್ಲಿ ಕೂರಿಸಿ, ಒಂದೊಂದರ ಚಿಪ್ಪಿಗೂ ತೆರೆದಿದೆಯೋ ಮುಚ್ಚಿದೆಯೋ ಹೇಳುವ ಸಂವೇದಕ ಜೋಡಿಸಿದ್ದಾರೆ. ಒಂದು ಮುಚ್ಚಿದರೆ ಏನೂ ಇಲ್ಲ. ಹಲವು ಒಟ್ಟಿಗೆ ಮುಚ್ಚಿದರೆ ಎಚ್ಚರಿಕೆಯ ಗಂಟೆ. ಇಲ್ಲಿ ನೋಡುವುದು ಮೈಯಲ್ಲಿ ಸೇರಿದ ಲೋಹವನ್ನಲ್ಲ, ಪ್ರಾಣಿಯ ತಕ್ಷಣದ ಅಸಮ್ಮತಿಯನ್ನು.

ಹೊಳೆಗೆ ಚಿಪ್ಪು ಬಿಟ್ಟು ಲೋಹ ಪೂರಾ ಹೀರಿಸಿಬಿಡಬಹುದಲ್ವಾ?

ಪಾಚಿ, ಕೆಸರಿನ ಕದಡು ಕಡಿಮೆಯಾಗಿ ನೀರು ತಿಳಿಯಾಗುತ್ತದೆ. ಲೋಹ ಮಾತ್ರ ಎಲ್ಲೂ ಹೋಗಲಿಲ್ಲ, ನೀರಿನಿಂದ ಮಾಂಸಕ್ಕೆ ಬಂತು. ಆ ಪ್ರಾಣಿ ಸತ್ತರೆ ಮತ್ತೆ ಕೆಸರಿಗೆ. ಹೀರಿಸಿದ ಚಿಪ್ಪನ್ನೆಲ್ಲ ಹಿಡಿದು ಬೇರೆ ಕಡೆ ಹೂಳುವುದಾದರೆ ಮಾತು ಬೇರೆ. ಆದರೆ ಹಿಡಿದದ್ದನ್ನು ಯಾರೂ ಮಾರುಕಟ್ಟೆಗೆ ತರುವುದಿಲ್ಲ ಅಂತ ಯಾರು ಜಾಮೀನು?

ಪತ್ರಿಕೆಯ ಅಂಕಿಗಳನ್ನು ನೋಡಿದರೆ ಒಂದು ಕಡೆ 1, ಇನ್ನೊಂದು ಕಡೆ 5. ಯಾವುದನ್ನು ನಂಬುವುದು?

ಹಸಿ ತೂಕವೋ ಒಣ ತೂಕವೋ ನೋಡಿ. ಮಾಂಸದಲ್ಲಿ ನೂರಕ್ಕೆ ಸುಮಾರು 80 ಪಾಲು ನೀರು. ಒಣಗಿಸಿ ಅಳೆದರೆ ಅದೇ ಲೋಹದ ಅಂಕಿ ಐದು ಪಟ್ಟು ದೊಡ್ಡದಾಗಿ ಕಾಣುತ್ತದೆ. ವಿಜ್ಞಾನಿಗಳು ಬರೆಯುವುದು ಬಹುತೇಕ ಒಣ ತೂಕದಲ್ಲಿ, ಕಾನೂನಿನ ಮಿತಿ ಇರುವುದು ಹಸಿ ತೂಕದಲ್ಲಿ. ಎರಡನ್ನೂ ಪಕ್ಕಪಕ್ಕ ಇಟ್ಟು "ಮಿತಿ ಮೀರಿದ ವಿಷ" ಅಂತ ತಲೆಬರಹ ಕೊಟ್ಟರೆ ಅದಕ್ಕೆ ಅರ್ಥವಿಲ್ಲ. ಋತುವನ್ನೂ ಕೇಳಿ. ಮೊಟ್ಟೆ ಇಡುವ ಮುಂಚೆ ಪ್ರಾಣಿ ಮೈತುಂಬಿಕೊಂಡಿರುತ್ತದೆ, ಲೋಹ ಹಂಚಿಹೋಗುತ್ತದೆ. ಮೊಟ್ಟೆ ಇಟ್ಟ ಮೇಲೆ ಮೈ ಬಡವಾಗುತ್ತದೆ, ಲೋಹ ಅಷ್ಟೇ ಇದ್ದರೂ ಅಂಕಿ ಏರುತ್ತದೆ.

ಚಿಪ್ಪು ಸುಟ್ಟು ಮಾಡಿದ ಸುಣ್ಣದಲ್ಲೂ ಲೋಹ ಇರುತ್ತಾ?

ಚಿಪ್ಪು ಕಟ್ಟುವಾಗ ಕ್ಯಾಲ್ಸಿಯಮ್ಮಿನ ಜಾಗದಲ್ಲಿ ಅಲ್ಲೊಂದು ಇಲ್ಲೊಂದು ಬೇರೆ ಲೋಹದ ಅಯಾನು ಸೇರಿಕೊಳ್ಳುತ್ತದೆ. ಆದರೆ ತಾಮ್ರ, ಸತು, ಕ್ಯಾಡ್ಮಿಯಂ ಸಾಮಾನ್ಯವಾಗಿ ಮಾಂಸದಲ್ಲೇ ಜಾಸ್ತಿ, ಚಿಪ್ಪಿನಲ್ಲಿ ಅದಕ್ಕಿಂತ ಎಷ್ಟೋ ಕಡಿಮೆ. ಎಲೆ ಅಡಿಕೆಗೆ ಹಚ್ಚುವುದು ಉಗುರಿನಷ್ಟು ಸುಣ್ಣ. ಆ ತಾಂಬೂಲದಲ್ಲಿ ಹೆದರಬೇಕಾದ್ದು ಸುಣ್ಣದ ಲೋಹಕ್ಕಲ್ಲ, ಅಡಿಕೆಗೆ ಮತ್ತು ಜೊತೆಗಿಡುವ ಹೊಗೆಸೊಪ್ಪಿಗೆ.